ತುಕ್ಕಿನಿಂದಲೇ ಮೂಡುವ ಬಣ್ಣ: ಹಳೆಯ ಜೋಡುನಳಿಗೆ ಕೋವಿಯ ಸಂರಕ್ಷಣೆ

ಮನೆತನದ ಆಸ್ತಿಯೊಂದಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ವಸ್ತುಗಳಲ್ಲಿ ಹಳೆಯ ಕೋವಿಯಷ್ಟು ನಾಜೂಕಾದವು ಕಡಿಮೆ. ಕಬ್ಬಿಣ, ಉಕ್ಕು, ತವರ, ಸೀಸ, ಅಕ್ರೋಟು ಮರ, ಎಣ್ಣೆ, ಅರಗು ಇವೆಲ್ಲವೂ ಅದೊಂದರಲ್ಲೇ ಒತ್ತೊತ್ತಾಗಿ ಸೇರಿಕೊಂಡಿರುವುದರಿಂದ ಲೋಹಕ್ಕೆ ಹಿತವಾದ ಎಣ್ಣೆ ಮರಕ್ಕೆ ವಿಷವಾಗುತ್ತದೆ, ಉಕ್ಕಿಗೆ ಬಣ್ಣ ಕೊಡುವ ದ್ರಾವಣ ಬೆಸುಗೆಯನ್ನು ಕರಗಿಸುತ್ತದೆ. ಇಂಥ ಕೋವಿಯನ್ನು 'ಹೊಸದರಂತೆ' ಮಾಡಿಸಲು ಹೊರಟವರು ನೂರು ವರ್ಷಗಳ ತುಕ್ಕು ಮಾಡಲಾಗದ ಹಾನಿಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವುದುಂಟು. ಆದ್ದರಿಂದ ಹಳೆಯ ಕೋವಿಯ ದುರಸ್ತಿಗೆ ಕೈಹಾಕುವ ಮೊದಲು ಅದು ಯಾವ ಲೋಹದಿಂದ, ಯಾವ ವಿಧಾನದಿಂದ ಆದದ್ದು, ಅದರ ಮೈಮೇಲಿನ ಬಣ್ಣ ಎಲ್ಲಿಂದ ಬಂದದ್ದು ಎಂಬುದನ್ನು ಅರಿಯಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ವಿಷಯ ಎಲ್ಲಕ್ಕಿಂತ ಹತ್ತಿರದ್ದಾಗಿರುವುದು ಕೊಡಗಿಗೆ. ಅಲ್ಲಿ ಕೋವಿ ಬೇಟೆಯ ಸಾಧನವಾಗಿದ್ದುದಕ್ಕಿಂತ ಹೆಚ್ಚಾಗಿ ಕುಟುಂಬದ ಸದಸ್ಯನಂತೆ ಬದುಕಿನ ಎಲ್ಲ ಘಟ್ಟಗಳಲ್ಲೂ ಹಾಜರಿರುವ ವಸ್ತು. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸುವ ಪದ್ಧತಿಯಿದೆ, ಸುಗ್ಗಿಯ ಹಬ್ಬವಾದ ಪುತ್ತರಿಯಂದು ಕದಿರು ತೆಗೆಯುವಾಗಲೂ ಕೋವಿಯ ಸದ್ದು ಕೇಳಬೇಕು. ನಾಟಿಯ ಕೆಲಸ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ಗಂಧವಿಟ್ಟು, ಕೊಡವರು 'ತೋಕ್ ಪೂ' ಅಂದರೆ ಕೋವಿಯ ಹೂ ಎಂದೇ ಕರೆಯುವ ಅಗ್ನಿಶಿಖೆಯ ಹೂವನ್ನು ನಳಿಗೆಯ ತುದಿಗೆ ಸಿಕ್ಕಿಸಿ ಪೂಜಿಸುತ್ತಾರೆ. ಹೀಗೆ ವರ್ಷಕ್ಕೊಮ್ಮೆ ಪೂಜೆಗೊಳ್ಳುವ ಕೋವಿಗಳಲ್ಲಿ, ಹಾಗೆಯೇ ಮಲೆನಾಡಿನ ಹಳೆಯ ತೋಟದ ಮನೆಗಳಲ್ಲಿ ಉಳಿದುಕೊಂಡಿರುವ ಕೋವಿಗಳಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲೋ ಬೆಲ್ಜಿಯಂ ದೇಶದ ಲಿಯೇಜ್‌ನಲ್ಲೋ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಯಾರಾದ ಜೋಡುನಳಿಗೆಯವು ಸೇರಿವೆ. ಎರಡು ನಳಿಗೆಗಳು ಅಕ್ಕಪಕ್ಕದಲ್ಲಿದ್ದು, ನಡುವೆ ಮಡಿಸಿ ಹಿಂಬದಿಯಿಂದ ತೋಟಾ ತುಂಬುವ ಈ ಮಾದರಿಯೇ ಈ ಲೇಖನದ ವಸ್ತು.

ಕಾನೂನಿನ ಮಾತನ್ನು ಮೊದಲೇ ಆಡಿ ಮುಗಿಸುವುದು ಒಳ್ಳೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಯನ್ನು ಇಟ್ಟುಕೊಳ್ಳಲು ಪರವಾನಗಿ ಬೇಕು. ಕೊಡವ ಜನಾಂಗದವರಿಗೂ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1963ರ ಅಧಿಸೂಚನೆಯಿಂದ ಸಿಕ್ಕಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಉಳಿದವರ ಮಟ್ಟಿಗೆ, ಪರವಾನಗಿದಾರರು ತೀರಿಕೊಂಡ ಕೂಡಲೇ ಕೋವಿಯ ಮೇಲಿನ ಹಕ್ಕು ತಾನಾಗಿ ವಾರಸುದಾರರಿಗೆ ಬರುವುದಿಲ್ಲ. ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ವಾರಸಿಕೆಯ ಆಧಾರದ ಮೇಲೆ ಹೊಸ ಪರವಾನಗಿಗೆ ಅರ್ಜಿ ಹಾಕಬೇಕಾಗುತ್ತದೆ. ಕೋವಿಯನ್ನು ದುರಸ್ತಿ ಮಾಡುವುದನ್ನೇ ವೃತ್ತಿಯಾಗಿ ನಡೆಸಲೂ ಇದೇ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಮುಂದೆ ಬರುವ ವಿವರಗಳಲ್ಲಿ ಒರೆಸುವುದು, ಎಣ್ಣೆ ಹಚ್ಚುವುದು, ಕಾಪಿಡುವುದು ಮನೆಯವರ ಕೆಲಸವೆಂದೂ, ಬಿಚ್ಚುವುದು, ಬೆಸೆಯುವುದು, ಅಳೆಯುವುದು ಪರವಾನಗಿ ಪಡೆದ ಕೋವಿ ರಿಪೇರಿಯವರ ಕೆಲಸವೆಂದೂ ತಿಳಿಯಬೇಕು.

ಅವರು ಮಾಡುವ ಮೊದಲ ಕೆಲಸ ಕೋವಿ ಬರಿದಾಗಿದೆಯೇ ಎಂದು ನೋಡುವುದು. ತೋಟಾ ಕೋವಿಯನ್ನು ಮಡಿಸಿದರೆ ಇದು ಕಣ್ಣಿಗೇ ಕಾಣುತ್ತದೆ; ಆದರೆ ಅದಕ್ಕೂ ಹಳೆಯದಾದ, ಬಾಯಿಂದ ಮದ್ದು ತುಂಬಿ ಹಿಂಬದಿಯಲ್ಲಿ ಕೇಪು ಇಡುವ ಕೇಪಿನ ಕೋವಿಯಲ್ಲಿ ಅಜ್ಜನ ಕಾಲದಲ್ಲಿ ಗಿಡಿದ ಮದ್ದು ಮತ್ತು ಚರೆಗಳು ಹಾಗೆಯೇ ಕುಳಿತಿರುವುದು ಅಪರೂಪವಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣವಾದ ಕರಿಮದ್ದು ಒಣಗಿದ್ದಲ್ಲಿ ಎಷ್ಟೋ ದಶಕಗಳ ನಂತರವೂ ತನ್ನ ಗುಣ ಕಳೆದುಕೊಳ್ಳುವುದಿಲ್ಲ. ಒಂದು ಮರದ ಕಡ್ಡಿಯನ್ನು ನಳಿಗೆಯ ಬಾಯಿಂದ ನಿಲ್ಲುವವರೆಗೆ ಒಳಗಿಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ಅದೇ ನಳಿಗೆಯ ಪಕ್ಕಕ್ಕೆ ಹಿಡಿದರೆ, ಕಡ್ಡಿಯ ತುದಿ ಕೇಪು ಕೂರುವ ಜಾಗವನ್ನು ಮುಟ್ಟಬೇಕು. ಎರಡು ಮೂರು ಬೆರಳಿನಷ್ಟು ಹಿಂದೆಯೇ ನಿಂತರೆ ಆ ಜಾಗವನ್ನು ಇನ್ನೇನೋ ತುಂಬಿಕೊಂಡಿದೆ ಎಂದರ್ಥ, ಮತ್ತು ಅಂಥ ಕೋವಿಯನ್ನು ಮುಂದೆ ಮನೆಯವರು ಮುಟ್ಟಬಾರದು.

ಎರಡನೆಯ ಕೆಲಸ ಓದುವುದು. ನಳಿಗೆಗಳನ್ನು ಹಿಡಿಯಿಂದ ಬೇರ್ಪಡಿಸಿ ಅವುಗಳ ಬುಡವನ್ನು ಮಗುಚಿದಾಗ ಸಮತಟ್ಟಾದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಮುದ್ರೆಗಳು ಕಾಣುತ್ತವೆ. ಇವು ಪರೀಕ್ಷಾ ಮುದ್ರೆಗಳು. ಮಾರಾಟಕ್ಕೆ ಬಿಡುವ ಮೊದಲು ಪ್ರತಿ ನಳಿಗೆಯಲ್ಲೂ ವಾಡಿಕೆಗಿಂತ ಹೆಚ್ಚು ಬಲದ ಮದ್ದನ್ನು ಹಾರಿಸಿ, ಅದು ಸೀಳದೆ ಉಬ್ಬದೆ ಉಳಿದರೆ ಮಾತ್ರ ಒತ್ತುತ್ತಿದ್ದ ಸರ್ಕಾರಿ ಮಾನ್ಯತೆಯ ಗುರುತುಗಳು. ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾಲಯ 1813ರ ಕಾಯ್ದೆಯಿಂದ ಹುಟ್ಟಿತು. ಕಿರೀಟದ ಕೆಳಗೆ ಒಂದನ್ನೊಂದು ದಾಟುವ ಎರಡು ರಾಜದಂಡಗಳಿದ್ದರೆ ಕೋವಿ 1904ಕ್ಕಿಂತ ಹಿಂದಿನದು, ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಎಂಬ ಅಕ್ಷರಗಳಿದ್ದರೆ ಅದರ ನಂತರದ್ದು. ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಎಂದಿದ್ದರೆ ಅದು ಲಿಯೇಜ್‌ನದು, ಆ ಮೊಟ್ಟೆಯ ಮೇಲೆ ಕಿರೀಟವೂ ಇದ್ದರೆ 1893ರ ಈಚಿನದು.

ಅದೇ ಜಾಗದಲ್ಲಿರುವ ಅಂಕಿಗಳು ಇನ್ನೂ ಹೆಚ್ಚಿನದನ್ನು ಹೇಳುತ್ತವೆ. 12 ಬೋರ್ ಎಂಬ ಮಾತಿಗೆ, ಒಂದು ಪೌಂಡು ಸೀಸದಿಂದ ಸಮನಾದ 12 ಉಂಡೆ ಮಾಡಿದರೆ ಒಂದೊಂದು ಉಂಡೆಯೂ ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಎಂದು ಅರ್ಥ, ಪೌಂಡಿಗೆ 453.6 ಗ್ರಾಂ, ಒಂದು ಉಂಡೆಗೆ 37.8 ಗ್ರಾಂ, ಸೀಸದ ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಆ ಉಂಡೆಯ ವ್ಯಾಸ ಸುಮಾರು 18.5 ಮಿಲಿಮೀಟರ್. ಉಂಡೆಗಳ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುವುದರಿಂದ 13ರ ವ್ಯಾಸ ಸುಮಾರು 18 ಮಿಲಿಮೀಟರ್. ಹತ್ತೊಂಬತ್ತನೆಯ ಶತಮಾನದ ಕೊನೆಯ ಅನೇಕ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಕೋಣೆಗೆ 12 ಎಂದೂ ಅದರ ಮುಂದಿನ ನಳಿಗೆಗೆ 13 ಎಂದೂ ಬೇರೆ ಬೇರೆ ಗುರುತುಗಳಿರುತ್ತವೆ. 13 ಎಂದು ಒತ್ತಿರುವ ನಳಿಗೆಯನ್ನು ಇಂದು ಅಳೆದಾಗ 18.5 ಮಿಲಿಮೀಟರ್ ಬಂದರೆ, ಹಿಂದೆ ಯಾರೋ ಒಳಗಿನ ತುಕ್ಕಿನ ಕುಳಿಗಳನ್ನು ಹೋಗಲಾಡಿಸಲು ಸುತ್ತಲೂ ಕಾಲು ಮಿಲಿಮೀಟರ್ ಲೋಹವನ್ನು ಉಜ್ಜಿ ತೆಗೆದಿದ್ದಾರೆ ಎಂದಾಯಿತು. ನಳಿಗೆಯ ಮಧ್ಯಭಾಗದ ಗೋಡೆ ಮಿಲಿಮೀಟರಿನಷ್ಟೂ ದಪ್ಪವಿರದ ಕೋವಿಯಲ್ಲಿ ಕಾಲು ಮಿಲಿಮೀಟರ್ ಸಣ್ಣ ನಷ್ಟವಲ್ಲ. ಈ ಮುದ್ರೆಗಳನ್ನು ಮರಳು ಕಾಗದದಿಂದ ಉಜ್ಜಿ ಅಳಿಸಿದ ಕೋವಿ ತನ್ನ ಹುಟ್ಟಿನ ದಾಖಲೆಯನ್ನಷ್ಟೇ ಅಲ್ಲದೆ, ತನ್ನ ಆರೋಗ್ಯವನ್ನು ತಿಳಿಯುವ ಏಕೈಕ ಹೋಲಿಕೆಯ ಅಳತೆಯನ್ನೂ ಕಳೆದುಕೊಳ್ಳುತ್ತದೆ.

ನಳಿಗೆಯ ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಸಣ್ಣ ಸುರುಳಿಗಳು, ಹಾವಿನ ಪೊರೆಯಂಥ ಗೆರೆಗಳು, ಸಾಲು ಸಾಲಾದ ಸುಳಿಗಳು ಕಂಡರೆ ಅದು ಡಮಾಸ್ಕಸ್ ನಳಿಗೆ. ಉಕ್ಕಿನ ಗಟ್ಟಿ ದಿಂಡನ್ನು ಉದ್ದಕ್ಕೆ ಕೊರೆದು ನಳಿಗೆ ಮಾಡುವ ತಂತ್ರ ನಂಬಿಕೆಗೆ ಅರ್ಹವಾಗುವ ಮುನ್ನ, ಚಪ್ಪಟೆ ಪಟ್ಟಿಯನ್ನು ಸಲಾಕೆಗೆ ಸುತ್ತಿ ಅಂಚುಗಳನ್ನು ಬೆಸೆಯುವುದೇ ನಳಿಗೆ ಮಾಡುವ ದಾರಿಯಾಗಿತ್ತು. ಆ ಪಟ್ಟಿಯನ್ನು ಉತ್ತಮಪಡಿಸುವ ಪ್ರಯತ್ನದಲ್ಲಿ ಡಮಾಸ್ಕಸ್ ಹುಟ್ಟಿತು. ಮೆದು ಕಬ್ಬಿಣ ಮತ್ತು ಉಕ್ಕಿನ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಬಿಳಿಗಾವು ಬರುವಂತೆ ಕಾಯಿಸಿ, ಬಡಿದು ಒಂದೇ ಸರಳಾಗಿ ಎಳೆಯುತ್ತಿದ್ದರು. ಆ ಸರಳಿನ ಒಂದು ತುದಿಯನ್ನು ಕಚ್ಚಿ ಹಿಡಿದು ಇನ್ನೊಂದು ತುದಿಯನ್ನು ತಿರುಚಿದಾಗ, ಹೊಸೆದ ಹಗ್ಗದ ಎಳೆಗಳಂತೆ ಒಳಗಿನ ಪದರಗಳು ಸುರುಳಿಯಾಗುತ್ತಿದ್ದವು. ಹಾಗೆ ತಿರುಚಿದ ಎರಡು ಮೂರು ಸರಳುಗಳನ್ನು, ಒಂದು ಬಲಕ್ಕೆ ತಿರುಚಿದ್ದಾದರೆ ಪಕ್ಕದ್ದು ಎಡಕ್ಕೆ ತಿರುಚಿದ್ದಾಗಿರುವಂತೆ ಜೋಡಿಸಿ, ಮತ್ತೆ ಬೆಸೆದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಸಲಾಕೆಯ ಸುತ್ತ ಸುತ್ತಿ, ಸುತ್ತಿನ ಅಂಚುಗಳು ಒಂದಾಗುವವರೆಗೆ ಅಡಿಗಲ್ಲಿನ ಮೇಲೆ ಬಡಿಯುತ್ತಿದ್ದರು. ಲಿಯೇಜ್ ಬಳಿಯ ವೆಸ್ದ್ರ್ ನದಿಯ ಕಣಿವೆಯಲ್ಲಿ ಊರಿಗೆ ಊರೇ ಈ ಕಸುಬನ್ನು ಅವಲಂಬಿಸಿತ್ತು, ಅಲ್ಲಿಂದ ಹೊರಟ ಒರಟು ನಳಿಗೆಗಳು ಇಂಗ್ಲೆಂಡಿನ ಕಾರ್ಖಾನೆಗಳನ್ನೂ ಸೇರುತ್ತಿದ್ದವು. ಅಗ್ಗದ ಉತ್ತಮ ಉಕ್ಕು ಬಂದು ಆ ಕಸುಬನ್ನು ಹಿಂದಕ್ಕೆ ತಳ್ಳಿತು, ಮೊದಲ ಮಹಾಯುದ್ಧ ಅದರ ಬೆನ್ನು ಮುರಿಯಿತು. ಆ ಕೈಚಳಕ ಅಷ್ಟೇ ಪ್ರಮಾಣದಲ್ಲಿ ಮತ್ತೆಂದೂ ಹಿಂತಿರುಗಲಿಲ್ಲ ಎಂಬ ಒಂದೇ ಕಾರಣಕ್ಕೆ ಉಳಿದಿರುವ ಪ್ರತಿ ನಳಿಗೆಯೂ ಜೋಪಾನಕ್ಕೆ ಯೋಗ್ಯವಾದದ್ದು.

ಇಲ್ಲಿ ಕನ್ನಡ ಓದುಗರು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಡಮಾಸ್ಕಸ್ ಕತ್ತಿ ಎಂದು ಪ್ರಸಿದ್ಧವಾದ ಕತ್ತಿಗಳ ಉಕ್ಕು ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿ ಗಟ್ಟಿಯಾದದ್ದು; ಮೈಸೂರು ಸೀಮೆಯಲ್ಲಿ ಆ ಉಕ್ಕು ತಯಾರಾಗುತ್ತಿದ್ದ ಬಗೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1800-01ರ ಪ್ರವಾಸದಲ್ಲಿ ಕಂಡು ಬರೆದಿದ್ದಾನೆ, ಯುರೋಪಿನವರು ಅದನ್ನು ಕರೆದ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ವಿದ್ವಾಂಸರು ಭಾವಿಸುತ್ತಾರೆ. ಅದರ ಮೈಮೇಲಿನ ನೀರಲೆಯಂಥ ಗೆರೆಗಳು ಉಕ್ಕು ಮೂಸೆಯಲ್ಲಿ ನಿಧಾನವಾಗಿ ತಣಿದು ಹರಳುಗಟ್ಟಿದಾಗ ಮೂಡಿದ ಬೀಜರೂಪದಿಂದ ಬಂದವು. ನಳಿಗೆಯ ಗೆರೆಗಳಾದರೋ ಕೈಯಿಂದ ಪೇರಿಸಿ ತಿರುಚಿದ ಎರಡು ಲೋಹಗಳ ನೇಯ್ಗೆ. ಹೆಸರು ಮತ್ತು ನೋಟ ಒಂದೇ ಆದರೂ ಹುಟ್ಟು ಬೇರೆ. ಅಜ್ಜನ ಕೋವಿಯ ನಳಿಗೆ ಮೈಸೂರಿನ ಉಕ್ಕಿನಿಂದ ಆದದ್ದು ಎಂಬ ಹೆಮ್ಮೆಯ ಮಾತಿಗೆ ಈ ಕಾರಣದಿಂದ ಆಧಾರವಿಲ್ಲ.

ಹೊಳಪು ಕೊಟ್ಟ ಹೊಸ ನಳಿಗೆಯಲ್ಲಿ ಈ ನೇಯ್ಗೆ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಕಾಣಿಸುವುದು ತುಕ್ಕು. ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿದಾಗ ಕೆಂಪು ಅಥವಾ ಹಳದಿ ಛಾಯೆಯ, ನೀರಿನ ಅಂಶವಿರುವ ಐರನ್ ಆಕ್ಸೈಡ್ ಹುಟ್ಟುತ್ತದೆ. ಇದು ತಿಂದ ಲೋಹಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ, ಬಿರುಕುಬಿಟ್ಟು, ಆ ಬಿರುಕುಗಳಲ್ಲೇ ತೇವವನ್ನು ಹಿಡಿದಿಟ್ಟುಕೊಂಡು ಇನ್ನೂ ಕೆಳಕ್ಕೆ ಇಳಿಯುತ್ತದೆ. ಇದೇ ಕೆಂಪು ತುಕ್ಕನ್ನು ಕುದಿಯುವ ನೀರಿನಲ್ಲಿ ಅದ್ದಿದರೆ ಅದು ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡಾಗಿ ಬದಲಾಗುತ್ತದೆ. ಇದು ದಟ್ಟವಾಗಿ ಲೋಹಕ್ಕೆ ಅಂಟಿಕೊಂಡು, ಎಣ್ಣೆಯನ್ನು ಹೀರಿಟ್ಟುಕೊಂಡು, ಹೊಸ ತುಕ್ಕಿಗೆ ಒಂದಿಷ್ಟು ತಡೆಯಾಗುತ್ತದೆ. ಹಳೆಯ ಕಮ್ಮಟದವರು ಜಿಡ್ಡಿನ ಸುಳಿವೂ ಇಲ್ಲದಂತೆ ತೊಳೆದ ನಳಿಗೆಗೆ ತುಕ್ಕು ಹಿಡಿಸುವ ದ್ರಾವಣವನ್ನು ತೆಳ್ಳಗೆ ಸವರಿ, ತೇವದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಟ್ಟು, ಮೂಡಿದ ತುಕ್ಕಿನ ಮೇಲೆ ಕುದಿನೀರು ಹಾಯಿಸಿ, ಸಡಿಲವಾದ ಪುಡಿಯನ್ನು ನಯವಾದ ತಂತಿ ಬ್ರಷ್ಷಿನಿಂದ ಉದುರಿಸಿ, ಮತ್ತೆ ಸವರಿ, ಹೀಗೆ ಆರೇಳು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಮಾಡುತ್ತಿದ್ದರು. ಕಬ್ಬಿಣದ ಎಳೆಗಳೂ ಇಂಗಾಲ ಹೆಚ್ಚಿರುವ ಉಕ್ಕಿನ ಎಳೆಗಳೂ ಒಂದೇ ವೇಗದಲ್ಲಿ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಪ್ರತಿ ಸುತ್ತಿಗೂ ಅವುಗಳ ಛಾಯೆ ಬೇರೆಯಾಗುತ್ತಾ, ನೇಯ್ಗೆ ಒಳಗಿನಿಂದ ಮೇಲೆದ್ದು ಬರುತ್ತಿತ್ತು. ಎಂದರೆ ಮೊಮ್ಮಗ ಕೊಳೆಯೆಂದು ತಿಳಿದು ಉಜ್ಜಿ ತೆಗೆಯಲು ಹೊರಟ ಆ ಕಂದುಗಪ್ಪು, ಕೋವಿ ಮಾಡಿದವನು ದಿನಗಟ್ಟಲೆ ಕಾದು ಬರಿಸಿದ ಬಣ್ಣವೇ ಆಗಿರಬಹುದು.

ಹಾಗಾದರೆ ತೆಗೆಯಬೇಕಾದ್ದು ಯಾವುದು? ಬೆರಳಾಡಿಸಿದಾಗ ಪುಡಿಯಾಗಿ ಅಂಟುವ ಕೆಂಪು ತುಕ್ಕು ಮಾತ್ರ. ಅದರ ಮೇಲೆ ತೆಳುವಾದ ಖನಿಜ ತೈಲವನ್ನು, ಅಂದರೆ ಹೊಲಿಗೆ ಯಂತ್ರಕ್ಕೆ ಹಾಕುವಂಥ ಎಣ್ಣೆಯನ್ನು ಸವರಿ ಒಂದೆರಡು ದಿನ ನೆನೆಯಲು ಬಿಟ್ಟು, ಚೂಪು ಮಾಡಿದ ತಾಮ್ರದ ಅಥವಾ ಹಿತ್ತಾಳೆಯ ತುಂಡಿನ ಅಂಚಿನಿಂದ ಮೆಲ್ಲನೆ ಎಬ್ಬಿಸಬೇಕು. ಈ ಲೋಹಗಳು ಉಕ್ಕಿಗಿಂತ ಮೆದುವಾದ್ದರಿಂದ ನಳಿಗೆಯನ್ನು ಗೀರದೆ ತುಕ್ಕನ್ನಷ್ಟೇ ಕೀಳುತ್ತವೆ. ಮರಳು ಕಾಗದ, ತಿರುಗುವ ಬಫಿಂಗ್ ಚಕ್ರ, ತುಕ್ಕು ತಿನ್ನುವ ಆಮ್ಲ ಇವು ಮೂರೂ ಕೋವಿಯ ಹತ್ತಿರ ಸುಳಿಯಬಾರದು. ಆಮ್ಲದ ವಿಚಾರದಲ್ಲಿ ಕಾಣದ ಅಪಾಯವೂ ಒಂದಿದೆ: ಆಮ್ಲ ಕಬ್ಬಿಣವನ್ನು ತಿನ್ನುವಾಗ ಹುಟ್ಟುವ ಹೈಡ್ರೋಜನ್ ಪರಮಾಣುಗಳು ಗಡಸು ಉಕ್ಕಿನೊಳಕ್ಕೆ ನುಸುಳಿ ಅದನ್ನು ಪೆಡಸಾಗಿಸುತ್ತವೆ, ಚೆನ್ನಾಗಿಯೇ ಇದ್ದ ಸ್ಪ್ರಿಂಗು ಒಂದು ದಿನ ಕಾರಣವೇ ಇಲ್ಲದೆ ತುಂಡಾದಂತೆ ಕಾಣುತ್ತದೆ.

ಬಣ್ಣ ಪೂರ್ತಿ ಹೋಗಿದ್ದು ಹೊಸದಾಗಿ ಹಿಡಿಸಲೇಬೇಕೆಂದಿದ್ದರೆ ಅದೇ ನಿಧಾನದ ತುಕ್ಕಿನ ವಿಧಾನವನ್ನು ಬಲ್ಲವರಿಂದ ಮಾಡಿಸಬೇಕೇ ಹೊರತು, ಇಂದಿನ ಕಾರ್ಖಾನೆಗಳ ಬಿಸಿ ಕ್ಷಾರದ ತೊಟ್ಟಿಗೆ ಕೋವಿಯನ್ನು ಇಳಿಸಬಾರದು. ಆ ತೊಟ್ಟಿಯಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟುಗಳ ದ್ರಾವಣ ನೀರಿನ ಕುದಿಬಿಂದುವಿಗಿಂತ ಬಹಳ ಮೇಲೆ, ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತಿರುತ್ತದೆ. ಜೋಡುನಳಿಗೆಯ ಎರಡು ನಳಿಗೆಗಳ ನಡುವೆ ಮೇಲೊಂದು ಕೆಳಗೊಂದು ಓಡುವ ತೆಳು ಪಟ್ಟಿಗಳನ್ನು ತವರ-ಸೀಸದ ಬೆಸುಗೆಯಿಂದ ಕೂರಿಸಿರುತ್ತಾರೆ. ಬಿಸಿ ಕ್ಷಾರ ಆ ಬೆಸುಗೆಯನ್ನೇ ತಿನ್ನುತ್ತದೆ, ಪಟ್ಟಿಯ ಕೆಳಗಿನ ಟೊಳ್ಳಿಗೆ ಇಳಿದ ಉಪ್ಪು ಅಲ್ಲೇ ಉಳಿದು ವರ್ಷಗಳ ಕಾಲ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಬೆಸುಗೆ ಗಟ್ಟಿಯಾಗಿದೆಯೇ ಎಂದು ತಿಳಿಯಲು ಸಂತೆಯಲ್ಲಿ ಮಡಕೆ ಕೊಳ್ಳುವವರ ಉಪಾಯವೇ ಸಾಕು. ಬೇರ್ಪಡಿಸಿದ ನಳಿಗೆಗಳ ಬುಡದ ಕೊಕ್ಕೆಗೆ ಬೆರಳು ಸಿಕ್ಕಿಸಿ, ಬಾಯಿ ಕೆಳಗಾಗಿ ತೂಗುಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ಮೆಲ್ಲನೆ ತಟ್ಟಿದರೆ, ಗಟ್ಟಿಯಾದ ಜೋಡಿ ದೇವಸ್ಥಾನದ ಗಂಟೆಯಂತೆ ದೀರ್ಘವಾಗಿ ಮಿಡಿಯುತ್ತದೆ. ಎಲ್ಲೋ ಪಟ್ಟಿ ಬಿಟ್ಟುಕೊಂಡಿದ್ದರೆ ಆ ಸಡಿಲ ಅಂಚುಗಳು ಕಂಪನವನ್ನು ನುಂಗಿ, ಒಡಕು ಮಡಕೆಯ ದನಿಯೇ ಹೊರಡುತ್ತದೆ.

ನಳಿಗೆಯ ಒಳಗಿನ ಕಥೆ ಬೇರೆ. ಕರಿಮದ್ದು ಉರಿದ ಮೇಲೆ ಅದರ ದೊಡ್ಡ ಪಾಲು ಪೊಟ್ಯಾಸಿಯಂ ಲವಣಗಳ ಬೂದಿಯಾಗಿ ಒಳಗೋಡೆಗೆ ಅಂಟುತ್ತದೆ. ಹಳೆಯ ಕೇಪುಗಳಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದಾಗ ಅಡುಗೆ ಉಪ್ಪಿನ ದಾಯಾದಿಯಾದ ಪೊಟ್ಯಾಸಿಯಂ ಕ್ಲೋರೈಡನ್ನು ಬಿಡುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವಂತೆಯೇ ಈ ಲವಣಗಳೂ ಗಾಳಿಯ ತೇವವನ್ನು ಎಳೆದುಕೊಂಡು ನಳಿಗೆಯೊಳಗೆ ಕುಳಿ ತೋಡುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಬರೀ ಎಣ್ಣೆಯ ಬಟ್ಟೆ ಎಳೆದು ಎತ್ತಿಟ್ಟ ಕೋವಿಯಲ್ಲಿ ಎಣ್ಣೆಯ ಪದರದ ಕೆಳಗೆ ಉಪ್ಪು ತನ್ನ ಕೆಲಸ ಮುಂದುವರಿಸುತ್ತದೆ. ಹಿಡಿಯಿಂದ ಬೇರ್ಪಡಿಸಿದ ನಳಿಗೆಯೊಳಗೆ ಕುದಿನೀರು ಹಾಯಿಸಿ ತೊಳೆದರೆ ಉಪ್ಪು ಕರಗಿ ಹೋಗುತ್ತದೆ, ಕಾದ ಲೋಹ ತನ್ನ ಬಿಸಿಗೆ ತಾನೇ ಒಣಗುತ್ತದೆ, ಆಮೇಲೆ ಹಚ್ಚಿದ ಎಣ್ಣೆಗೆ ಅರ್ಥ ಬರುತ್ತದೆ. ತುಕ್ಕಿನ ಭಯದಿಂದ ಕೋವಿಯನ್ನು ನೀರಿನಿಂದ ದೂರವಿಡುವ ನಮ್ಮವರ ಎಚ್ಚರ ಈ ಒಂದು ಕಡೆ ತಲೆಕೆಳಗಾಗಿದೆ.

ಇಷ್ಟೆಲ್ಲ ಆದ ಮೇಲೆ ಅದರಿಂದ ಗುಂಡು ಹಾರಿಸಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಡಮಾಸ್ಕಸ್ ನಳಿಗೆಯಲ್ಲಿ ಇಂದಿನ ಅಂಗಡಿಯ ತೋಟಾ ಹಾಕಿ ಹಾರಿಸಬಾರದು ಎಂಬುದೇ ಅದಕ್ಕೆ ನೇರವಾದ ಉತ್ತರ. ತೋಟಾ ಸಿಡಿದಾಗ ಒಳಗಿನ ಅನಿಲ ನಳಿಗೆಯನ್ನು ಸುತ್ತಳತೆಯ ದಿಕ್ಕಿನಲ್ಲಿ ಹಿಗ್ಗಿಸಿ ಉದ್ದಕ್ಕೆ ಸೀಳಲು ನೋಡುತ್ತದೆ. ಈ ಎಳೆತ ಒತ್ತಡ ಮತ್ತು ತ್ರಿಜ್ಯ ಹೆಚ್ಚಿದಷ್ಟೂ ಹೆಚ್ಚುತ್ತದೆ, ಗೋಡೆಯ ದಪ್ಪ ಹೆಚ್ಚಿದಷ್ಟೂ ಇಳಿಯುತ್ತದೆ, ಗೋಡೆಯ ದಪ್ಪ ಅರ್ಧವಾದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಇಂದಿನ 12 ಬೋರ್ ತೋಟಾದ ಒತ್ತಡ ವಾತಾವರಣದ ಒತ್ತಡದ 700 ಪಟ್ಟನ್ನೂ ಮೀರಬಹುದು, ಆ ಕೋವಿಗಳು ಪರೀಕ್ಷೆಗೊಂಡದ್ದು ಅದಕ್ಕಿಂತ ಸೌಮ್ಯವಾದ ಕರಿಮದ್ದಿನ ಲೆಕ್ಕದಲ್ಲಿ. ತೋಟಾದ ಉದ್ದವೂ ಕಣ್ಣಿಗೆ ಮೋಸ ಮಾಡುತ್ತದೆ. ಹಳೆಯ ಕೋವಿಗಳ ಕೋಣೆ ಸಾಮಾನ್ಯವಾಗಿ 65 ಮಿಲಿಮೀಟರಿನದು, ಇಂದಿನ ಸಾಮಾನ್ಯ ತೋಟಾ 70ರದ್ದು. ಆದರೆ ಆ 70 ಎಂಬುದು ಹಾರಿದ ಮೇಲೆ ಬಾಯಿಯ ಮಡಿಕೆ ಬಿಚ್ಚಿಕೊಂಡಾಗಿನ ಉದ್ದವಾದ್ದರಿಂದ, ಹಾರುವ ಮುನ್ನ ಅದು ಹಳೆಯ ಕೋಣೆಯಲ್ಲಿ ತಕರಾರಿಲ್ಲದೆ ಕೂರುತ್ತದೆ, ಹಾರಿದ ಕ್ಷಣದಲ್ಲಿ ಬಿಚ್ಚಿಕೊಂಡ ಅಂಚು ಮುಂದಿನ ಇಕ್ಕಟ್ಟಿಗೆ ಹೊಕ್ಕು ಚರೆಗಳ ದಾರಿಯನ್ನು ಕಿರಿದು ಮಾಡಿ ಒತ್ತಡವನ್ನು ಏರಿಸುತ್ತದೆ. ಇದರ ಜೊತೆಗೆ ಡಮಾಸ್ಕಸ್‌ನ ನೂರಾರು ಬೆಸುಗೆಯ ಸಾಲುಗಳಲ್ಲಿ ಎಲ್ಲೋ ಸಿಕ್ಕಿಕೊಂಡ ಕಿಟ್ಟದ ಸುತ್ತ ಶತಮಾನದ ತೇವ ಏನು ಮಾಡಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಈ ನಳಿಗೆಗಳು ತಮ್ಮ ಕಾಲದಲ್ಲಿ ದುರ್ಬಲವಾಗಿದ್ದವೆಂದು ಇದರ ಅರ್ಥವಲ್ಲ. ಮುಂದೆ ಎಡಗೈ ಹಿಡಿಯುವ ಜಾಗಕ್ಕೆ ಸರಿಯಾಗಿ ಸೀಳಬಹುದಾದ ವಸ್ತುವಿನ ವಿಷಯದಲ್ಲಿ ಊಹೆಗೆ ಜಾಗವಿಲ್ಲ ಎಂದಷ್ಟೇ ಅರ್ಥ. ಹಬ್ಬದ ಈಡಿಗೆ ಮನೆಯಲ್ಲಿ ಬೇರೊಂದು ಕೋವಿ ಇರುವುದು ಲೇಸು.

ನಳಿಗೆ ಬಂದು ಕೂರುವ ಉಕ್ಕಿನ ಮಧ್ಯಭಾಗದಲ್ಲಿ, ಕುದುರೆ ಮತ್ತು ಸ್ಪ್ರಿಂಗುಗಳನ್ನು ಒಳಗೊಂಡ ಯಂತ್ರದ ಹೊರಮೈಮೇಲೆ, ನೀಲಿ, ಜೇನುಗಂದು, ನೇರಳೆ ಬಣ್ಣಗಳು ಮೋಡದಂತೆ ಬೆರೆತ ಗುರುತುಗಳು ಉಳಿದಿರಬಹುದು. ಮೆದು ಕಬ್ಬಿಣದ ಭಾಗವನ್ನು ಮೂಳೆ ಮತ್ತು ಚರ್ಮದ ಇದ್ದಿಲಿನಲ್ಲಿ ಹೂತು ಕೆಂಪಗೆ ಕಾಯಿಸಿ ನೀರಿಗೆ ಹಾಕಿದಾಗ, ಇಂಗಾಲ ಮೇಲ್ಪದರಕ್ಕೆ ಇಳಿದು ಅದು ಗಡಸಾಗುತ್ತದೆ. ಅದೇ ವೇಳೆ ಮೂಡುವ ಅತಿ ತೆಳುವಾದ ಆಕ್ಸೈಡ್ ಪೊರೆ, ಮಳೆ ಬಿದ್ದ ರಸ್ತೆಯ ಮೇಲಿನ ಎಣ್ಣೆಯ ಪೊರೆಯ ಹಾಗೆಯೇ, ಬೆಳಕನ್ನು ಬಣ್ಣಗಳಾಗಿ ಒಡೆದು ತೋರಿಸುತ್ತದೆ. ಒಮ್ಮೆ ಉಜ್ಜಿದರೆ ಹೋದ ಈ ಬಣ್ಣವನ್ನು ಮತ್ತೆ ಬರಿಸಲು ಇಡೀ ಭಾಗವನ್ನು ಪುನಃ ಕಾಯಿಸಿ ತಣಿಸಬೇಕು, ಆಗ ಅದು ಸೊಟ್ಟಗಾಗುವ ಸಂಭವವಿದೆ. ಕೈಕೆಲಸದ ಉತ್ತಮ ಕೋವಿಗಳಲ್ಲಿ ನಳಿಗೆಯ ಬುಡ ಈ ಭಾಗಕ್ಕೆ ಕೂರುವ ಸಂಧಿಯನ್ನು ದೀಪದ ಕಾಡಿಗೆಯಿಂದ ಸರಿಪಡಿಸಿರುತ್ತಿದ್ದರು: ಒಂದು ಮೈಗೆ ಕಾಡಿಗೆ ಹಿಡಿಸಿ, ಇನ್ನೊಂದನ್ನು ಮುಚ್ಚಿ ತೆರೆದರೆ, ಉಬ್ಬಿದ ಕಡೆ ಮಾತ್ರ ಕಪ್ಪು ಅಂಟುತ್ತದೆ, ಅಷ್ಟನ್ನೇ ಅರದಿಂದ ಒಂದು ಎಳೆ ತೆಗೆದು ಮತ್ತೆ ಕಾಡಿಗೆ ಹಿಡಿಸುವುದು, ಇಡೀ ಮೈ ಸಮನಾಗಿ ಕಪ್ಪಾಗುವವರೆಗೆ. ಸ್ಕ್ರೂಗಳೂ ಹಾಗೆಯೇ ಒಂದೊಂದಾಗಿ ಕೈಯಿಂದ ಆದವು, ಅವುಗಳ ತಲೆಯ ಸೀಳು ಕೂದಲೆಳೆಯಷ್ಟು ಕಿರಿದು. ಹಾರ್ಡ್‌ವೇರ್ ಅಂಗಡಿಯ ಸ್ಕ್ರೂಡ್ರೈವರ್ ಅಲ್ಲಿ ಅರ್ಧಕ್ಕೇ ನಿಂತು ಜಾರಿ, ಸೀಳನ್ನೂ ಸುತ್ತಲಿನ ಕೆತ್ತನೆಯನ್ನೂ ಹರಿದುಹಾಕುತ್ತದೆ. ಬಲ್ಲ ರಿಪೇರಿಯವರು ಪ್ರತಿ ಸೀಳಿಗೂ ಹೊಂದುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಮಸೆದುಕೊಂಡೇ ಕೆಲಸ ಶುರುಮಾಡುತ್ತಾರೆ, ಕೋವಿಯನ್ನು ಯಾರ ಕೈಗೆ ಒಪ್ಪಿಸಬೇಕೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕುರುಹಿಲ್ಲ.

ಮರದ ಹಿಡಿ ಹೆಚ್ಚಾಗಿ ಅಕ್ರೋಟಿನದು. ಅದಕ್ಕೆ ಆಗುವ ದೊಡ್ಡ ಕೆಡುಕು ಬೀಳುವುದರಿಂದಲ್ಲ, ಯಂತ್ರಭಾಗಕ್ಕೆ ಧಾರಾಳವಾಗಿ ಸುರಿದ ಎಣ್ಣೆಯಿಂದ. ನಿಲ್ಲಿಸಿಟ್ಟ ಕೋವಿಯಲ್ಲಿ ಎಣ್ಣೆ ಕೆಳಗಿಳಿದು ಹಿಡಿಯ ತಲೆಯ ಭಾಗವನ್ನು ವರ್ಷಗಟ್ಟಲೆ ನೆನೆಸಿ, ಮರವನ್ನು ಕಪ್ಪಾಗಿ, ಉಗುರು ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿ ಮಾಡುತ್ತದೆ. ಇದಕ್ಕೆ ಸುಣ್ಣದಕಲ್ಲಿನ ನಯವಾದ ಪುಡಿಯನ್ನು ಅಸಿಟೋನಿನಂಥ ದ್ರಾವಕದಲ್ಲಿ ಕಲಸಿ ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಲೇಪಿಸುತ್ತಾರೆ. ದ್ರಾವಕ ಮರದೊಳಗಿನ ಎಣ್ಣೆಯನ್ನು ಕರಗಿಸುತ್ತದೆ, ಅದು ಆರುವಾಗ ಪುಡಿ ಆ ಎಣ್ಣೆಯನ್ನು ಹೀರಿಕೊಂಡು ಹಳದಿಯಾಗುತ್ತದೆ, ಆ ಪುಡಿಯನ್ನು ಉದುರಿಸಿ ಹೊಸ ಲೇಪ ಹಾಕುತ್ತಾ ಹೋದಂತೆ ಕೊನೆಗೊಮ್ಮೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಮರದಲ್ಲಿ ತಗ್ಗು ಬಿದ್ದಿದ್ದರೆ ಅದನ್ನು ತುಂಬುವ ಅಗತ್ಯವೂ ಇಲ್ಲ. ನಾರುಗಳು ತುಂಡಾಗದೆ ಬರೀ ಅದುಮಿದ್ದಲ್ಲಿ, ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿಯ ತುದಿ ತಾಗಿಸಿದರೆ ಆವಿ ಒಳಹೊಕ್ಕು, ನಾರು ನೀರು ಕುಡಿದು ಉಬ್ಬಿ, ತಗ್ಗು ತಾನಾಗಿ ಮೇಲೆ ಬರುತ್ತದೆ.

ಹಿಡಿಗೆ ಮೆರುಗು ಕೊಡಲು ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವ ಕೊಬ್ಬರಿ ಎಣ್ಣೆ ತಕ್ಕದ್ದಲ್ಲ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಬಹುಪಾಲು ಸಂತೃಪ್ತವಾದವು, ಗಾಳಿಯ ಆಮ್ಲಜನಕಕ್ಕೆ ಹಿಡಿತ ಸಿಗದಂಥವು. ಆದ್ದರಿಂದ ಅದು ಎಂದೂ ಒಣಗದೆ ಜಿಡ್ಡಾಗಿಯೇ ಉಳಿದು ಧೂಳನ್ನು ಹಿಡಿಯುತ್ತದೆ. ಅಗಸೆ ಎಣ್ಣೆಯ ಅಣುಗಳಲ್ಲಿ ಅಂಥ ಹಿಡಿತದ ಜಾಗಗಳು ಹೇರಳವಾಗಿರುವುದರಿಂದ ಅವು ಆಮ್ಲಜನಕದ ಮೂಲಕ ಒಂದನ್ನೊಂದು ಕೈಹಿಡಿದು, ದಿನಗಳ ನಂತರ ಗಟ್ಟಿಯಾದ ಪೊರೆಯಾಗುತ್ತವೆ. ಅಂಗೈಯ ಬಿಸಿಯಿಂದ ಒಂದೊಂದು ಹನಿಯನ್ನೇ ತಿಕ್ಕುತ್ತಾ ವಾರಗಟ್ಟಲೆ ಮಾಡುವ ಕೆಲಸವಿದು. ಗಟ್ಟಿಯಾಗುವ ಅದೇ ಕ್ರಿಯೆ ಶಾಖವನ್ನೂ ಹೊರಸೂಸುತ್ತದೆ; ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಹೊರಹೋಗಲಾರದೆ ಏರುತ್ತಾ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಆ ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು.

ಮಡಿಕೇರಿಯಂಥ ಕಡೆ, ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಬೀಳುವಲ್ಲಿ, ಮುಂದಿನ ಮಾತೆಲ್ಲ ಗಾಳಿಯ ತೇವದ್ದೇ. ಸಾಪೇಕ್ಷ ಆರ್ದ್ರತೆ ಸುಮಾರು 60 ಪ್ರತಿಶತ ದಾಟಿದರೆ ಕಬ್ಬಿಣದ ಮೇಲೆ ತುಕ್ಕಿಗೆ ಬೇಕಾದಷ್ಟು ನೀರಿನ ಪೊರೆ ಕೂರುತ್ತದೆ, ಬೆರಳಿನ ಬೆವರಿನ ಉಪ್ಪಿದ್ದಲ್ಲಿ ಅದಕ್ಕೂ ಮೊದಲೇ. ಚರ್ಮದ ಅಥವಾ ಬಟ್ಟೆಯ ಚೀಲ ತೇವವನ್ನು ಹಿಡಿದಿಟ್ಟು ಲೋಹಕ್ಕೆ ಒತ್ತುವುದರಿಂದ ಮಳೆಗಾಲವಿಡೀ ಕೋವಿಯನ್ನು ಅದರಲ್ಲಿ ಮುಚ್ಚಿಡಬಾರದು; ಬೀಗ ಹಾಕಿದ ಕಪಾಟಿನೊಳಗೆ ಗಾಳಿ ಒಂದೆರಡು ಡಿಗ್ರಿ ಬೆಚ್ಚಗಾದರೂ ಆರ್ದ್ರತೆ ಇಳಿಯುತ್ತದೆ, ಅದಕ್ಕೆ ಸುರಕ್ಷಿತವಾಗಿ ಕೂರಿಸಿದ ಸಣ್ಣ ಬಲ್ಬೊಂದು ಸಾಕು. ಕೈಲ್‌ಪೊಳ್ದ್‌ನಲ್ಲಾಗಲಿ ಆಯುಧ ಪೂಜೆಯಲ್ಲಾಗಲಿ ಇಡುವ ಗಂಧ ಒದ್ದೆಯಾದ ಪುಡಿ. ನಳಿಗೆಯ ಮೇಲೆ ಅದು ಒಣಗುವವರೆಗೂ, ಒಣಗಿದ ಮೇಲೂ ಸುತ್ತಲಿನ ತೇವ ಹೀರಿ, ಬೊಟ್ಟಿನ ಆಕಾರದಲ್ಲೇ ತುಕ್ಕನ್ನು ಅಚ್ಚೊತ್ತುತ್ತದೆ. ಬೊಟ್ಟನ್ನು ಮರದ ಹಿಡಿಗೆ ಇಟ್ಟರೆ ಪೂಜೆಗೆ ಕುಂದಿಲ್ಲ; ನಳಿಗೆಗೇ ಇಡಬೇಕೆಂದಿದ್ದರೆ ಹೂ ಬಾಡುವ ಮೊದಲೇ, ಅಂದು ಸಂಜೆಯೇ ಒರೆಸಿ, ಕುಂಚದಲ್ಲಿ ತೆಳುವಾಗಿ ಎಣ್ಣೆ ಸವರಿ, ಹಿಡಿಯ ಮರಕ್ಕೆ ಎಣ್ಣೆ ಇಳಿಯದಂತೆ ನಳಿಗೆಯ ಬಾಯಿ ಕೆಳಗೆ ಮಾಡಿ, ದಪ್ಪ ಬಟ್ಟೆಯ ಮೇಲೆ ನಿಲ್ಲಿಸಿಡಬೇಕು.